ಚಿತ್ರದಲ್ಲಿ ನಿಂತ ಪಂಪು

ಪ್ರಿಂಟರಿನಿಂದ ಆಗಷ್ಟೇ ಹೊರಬಿದ್ದ ಹಾಳೆ ಬೆಚ್ಚಗಿರುತ್ತದಲ್ಲ, ಅದರ ವಾಸನೆ ನಿಮಗೆ ಹೇಗೋ ಏನೋ, ನನಗೆ ಹೆದರಿಕೆ ಹುಟ್ಟಿಸುತ್ತದೆ. ಇವತ್ತೂ ಹಾಗೇ ಆಯಿತು.

ಶಿರಸಿಯಲ್ಲಿ ನಮ್ಮದೊಂದು ಸಣ್ಣ ಆಫೀಸು. ತೋಟದ ಪಂಪನ್ನು ಫೋನಿನಿಂದ ನಡೆಸುವ ಪೆಟ್ಟಿಗೆಗೆ ಪ್ರೋಗ್ರಾಮ್ ಬರೆಯುತ್ತೇವೆ. ಪಂಪು ಯಾವಾಗ ಓಡಬೇಕು, ಯಾವಾಗ ನಿಲ್ಲಬೇಕು ಎಂದು ಮೊದಲು ಬಾಣ ಎಳೆದು ಚಿತ್ರ ಮಾಡುವುದು, ಆಮೇಲೆ ಕೋಡ್. ಎರಡೂ ಒಂದೇ ಮಾತು ಹೇಳಬೇಕು. ಹೇಳುತ್ತವೆಯೇ? ಜಾತಕ ಒಂದು, ಮನುಷ್ಯ ಇನ್ನೊಂದು.

ಅದಕ್ಕೆ ನಮ್ಮ ದಾಕ್ಷಿಣ್ಯವೇ ಕಾರಣ. ಯಾರೇ ಬರಲಿ, ಮೊದಲು ಆಸ್ರಿಗೆ, ಅಂದರೆ ಕುಡಿಯಲು ಏನು ಬೇಕೆಂದು, ಕೇಳಬೇಕು. ಅವರು ಮಜ್ಜಿಗೆ ಕುಡಿದು ಮುಗಿಸುವುದರೊಳಗೆ ಕೆಲಸ ಆಗಿರಬೇಕು. ಕೆಲವು ವರ್ಷಗಳ ಹಿಂದೆ ಹೇರೂರಿನ ಹಿರಿಯರೊಬ್ಬರು ಬಂದು, "ಕರೆಂಟು ಬಂದ ಕೂಡ್ಲೆ ಪಂಪು ತನ್ನಷ್ಟಕ್ಕೇ ಚಾಲೂ ಆಗವು" ಎಂದು ಕೇಳಿಕೊಂಡರು. ನನ್ನ ಜೊತೆ ಕೆಲಸ ಮಾಡುವ ಮಹೇಶ ಲೋಟ ಖಾಲಿಯಾಗುವುದರೊಳಗೆ ಕೋಡ್ ಬದಲಿಸಿ, ಎಲ್ಲ ಪೆಟ್ಟಿಗೆಗಳಿಗೂ ಕಳಿಸಿಬಿಟ್ಟ. ಚಿತ್ರ ತಿದ್ದುವುದು ಶನಿವಾರದ ಕೆಲಸ. ಲೋಟ ಹಿಡಿದು ಕೂತವರನ್ನು ಚಿತ್ರಕ್ಕಾಗಿ ಕಾಯಿಸುವುದುಂಟೇ?

ಮರುದಿನ ನಮ್ಮ ರಿಪೇರಿಯ ಗಣಪಣ್ಣ ಹಳೆಯ ಚಿತ್ರವನ್ನೇ ಪ್ರಿಂಟ್ ತೆಗೆದುಕೊಂಡು ನಂದೊಳ್ಳಿಯ ಒಂದು ಮನೆಯ ಪಂಪು ರಿಪೇರಿಗೆ ಹೋದ. ಗುಂಡಿ ಒತ್ತುವವರೆಗೆ ಪಂಪು ಓಡದು ಎಂದು ಅದರಲ್ಲಿತ್ತು. ಅವನು ಹೋದ ಮೇಲೆ ಮಹೇಶ ಹೊಸ ಬದಲಾವಣೆಯ ಮಾತೆತ್ತಿದ. ನಾನು ಫೋನೆತ್ತಿಕೊಂಡೆ. ಗಣಪಣ್ಣನ ಫೋನು ಹತ್ತಲಿಲ್ಲ. ಅವನು ಹೋಗಿದ್ದ ಮನೆಗೇ ಮಾಡಿದೆ.

"ಕೆಳಗೆ ಪಂಪು ಬಿಚ್ಕ್ಯಂಡು ಕೂತಿದ್ದ. ಬೆಳಗಿಂದ ಕರೆಂಟೇ ಬಂಜಿಲ್ಲೆ. ಕರೀತೆ, ತಡಿ" ಎಂದು ಮನೆಯೊಡತಿ ಫೋನು ಬದಿಗಿಟ್ಟು ಹೋದರು.

ಕರೆಂಟು ಬಾರದಿರಲಿ ಎಂದು ನಾನು ಬೇಡಿಕೊಂಡದ್ದು ಅದೇ ಮೊದಲು. ದೇವರಿಲ್ಲ ಎಂದು ವಾದಿಸುವವಳು ಮಾರಿಕಾಂಬೆಗೆ ಉಡಿ ತುಂಬುವ ಹರಕೆಯನ್ನೂ ಹೊತ್ತೆ. ಭಯಕ್ಕೆ ನಾಚಿಕೆಯಿಲ್ಲ.

"ಎಂತದೇ ತಂಗಿ?" ಗಣಪಣ್ಣನ ದನಿ. "ಕೈ ಒಳಗೇ ಇದ್ದಿತ್ತು. ಅರ್ಧಕ್ಕೇ ಬಿಟ್ಟು ಬಂದೆ."

ಹೇಳಲು ಬಾಯಿ ತೆರೆದೆ. ಅಷ್ಟರಲ್ಲಿ ಅಲ್ಲಿ ಫ್ರಿಜ್ಜು ಗುಂಯ್‌ಗುಟ್ಟಿತು. ಕರೆಂಟು ಬಂದಿತ್ತು. ಗಣಪಣ್ಣ ಫೋನು ಹಿಡಿದೇ ಕೆಳಗಿನ ಸದ್ದಿಗೆ ಕಿವಿಗೊಟ್ಟಿರಬೇಕು.

"ತಂಗೀ, ಪಂಪು ತಿರಗ್ತಾ ಇದ್ದು. ಅಲ್ಲಿ ಯಾರೂ ಇಲ್ಲೆ."

ಈಗ ಕೋಡ್ ಬದಲಾದರೆ ಚಿತ್ರವೂ, ಚಿತ್ರ ತಿದ್ದಿದರೆ ಕೋಡೂ ತಾನಾಗಿ ಬದಲಾಗುವ ವ್ಯವಸ್ಥೆ ಮಾಡಿಕೊಂಡಿದ್ದೇವೆ. ಎರಡೂ ಹೊಂದದಿದ್ದರೆ ಪ್ರಿಂಟೇ ಬರುವುದಿಲ್ಲ. ಇನ್ನು ಹೆದರುವುದಕ್ಕೆ ಏನೂ ಇಲ್ಲ ಎನ್ನುತ್ತಾನೆ ಮಹೇಶ.

ಇವತ್ತು ಗಣಪಣ್ಣ ಹಾಳೆಗೆ ಕೈಚಾಚಿ, "ಹಂಗಾರೆ ಹೋಗ್ತೆ" ಎಂದ. ನಾನು ಹಾಳೆ ಬಿಡಲಿಲ್ಲ. ಅವನೂ ಎಳೆಯಲಿಲ್ಲ. ಒಂದು ಕುರ್ಚಿ ತಂದು ನನ್ನ ಪಕ್ಕ ಕೂತು, "ಓದೇ ತಂಗಿ, ಮೊದ್ಲಿಂದ" ಎಂದ.