ಹುಲಿಗೆವ್ವ ಮನೆಗೆ ಒಯ್ದ ಕೌದಿಗಳು

ವಿಜಯಪುರ ಜಿಲ್ಲೆಯಲ್ಲೂ ಚಳಿಗೆ ಸಸಿ ಸಾಯುತ್ತವೆ. ಮೇ ತಿಂಗಳ ಬಿಸಿಲನ್ನು ಬೈದು ಸುಸ್ತಾಗುವ ನಾವು, ಡಿಸೆಂಬರಿನಲ್ಲಿ ಏಳೆಂಟು ಡಿಗ್ರಿಗೆ ಇಳಿದಾಗ ಸ್ವೆಟರ್ ಹುಡುಕುತ್ತೇವೆಯೇ ಹೊರತು ಅಂಗಳದ ಕುಂಡಗಳ ಕಡೆ ತಿರುಗಿ ನೋಡುವುದಿಲ್ಲ.

ಹುಲಿಗೆವ್ವ ನೋಡುತ್ತಿದ್ದಳು. ಇಂಡಿ ಹತ್ತಿರ ಪರಪ್ಪನವರ ಲಿಂಬಿ ನರ್ಸರಿಯಲ್ಲಿ ಅವಳದು ಹತ್ತೊಂಬತ್ತು ವರ್ಷದ ದುಡಿಮೆ. ಗಾಳಿ ನಿಂತು, ಸಂಜೆಯ ಆಕಾಶ ತೊಳೆದಿಟ್ಟಂತೆ ಕಂಡರೆ ಸಾಕು, "ಇವತ್ತ ಥಂಡಿ ಬೀಳತೈತಿ" ಅನ್ನುವಳು. ಕುಂಡಗಳ ನಡುವೆ ತೊಗರಿ ಕಟ್ಟಿಗೆ ನೆಟ್ಟು, ಅದರ ಮೇಲೆ ಮನೆಯಿಂದ ತಂದ ಹಳೆ ಕೌದಿ ಹೊಚ್ಚುವಳು. ಎಲೆಗೆ ಬಟ್ಟೆ ತಾಗಬಾರದು, ನೆಲದ ಕಾವು ಹೊರಗೆ ಹೋಗಬಾರದು, ಬಿಸಿಲು ಬಿದ್ದೊಡನೆ ತೆಗೆಯಬೇಕು. ಇಷ್ಟೇ ಅವಳ ವಿದ್ಯೆ. ಅದನ್ನು ಅವಳಿಗೆ ಯಾರೂ ಕಲಿಸಿದ್ದಲ್ಲ.

ಈ ಸಲದ ಐನೂರು ಕುಂಡಗಳಲ್ಲಿ ನಲವತ್ತು ಅವಳವೇ. ದೇವಣಗಾಂವದಲ್ಲಿ ತಮ್ಮ ಚಂದಪ್ಪ ಬಿಟ್ಟುಕೊಟ್ಟ ತುಂಡು ಹೊಲಕ್ಕೆಂದು, ಪರಪ್ಪನವರನ್ನು ಕೇಳಿ, ತಾನೇ ಬೀಜ ಆರಿಸಿ ಬೆಳೆಸಿದ್ದಳು. ಐವತ್ತಾರನೇ ವಯಸ್ಸಿಗೆ ಮೊದಲ ಸಲ ತನ್ನವು ಅನ್ನುವ ಗಿಡಗಳು.

ನಾಲತವಾಡದ ರೈತರು ಬೆಳಗ್ಗೆ ಬಿಸಿಲು ಬೀಳುವ ಮೊದಲೇ ನರ್ಸರಿ ನೋಡಲು ಬರುವವರಿದ್ದರು. ಹಿಂದಿನ ಸಂಜೆ ಪರಪ್ಪನವರ ಮಗ ಚೇತನಕುಮಾರ ಒಳಗಿನದು ಕಾಣುವಂಥ ಹೊಸ ಪ್ಲಾಸ್ಟಿಕ್ ಹಾಳೆಯ ಸುರುಳಿ ತಂದು ಇಳಿಸಿದ.

"ಹುಲಿಗೆವ್ವ, ಈ ಕೌದಿ ತೆಗಿ. ದವಾಖಾನಿಯೊಳಗ ಪೇಷಂಟ್ ಮಲಗಿಸಿದಂಗ ಕಾಣತಾವ."

"ಪೇಷಂಟ್ ಆಗಬಾರದಂತನ ಹೊಚ್ಚೇನ್ರಿ, ಸಣ್ಣ ಸಾವ್ಕಾರ್ರ. ಪ್ಲಾಸ್ಟಿಕ್ ಎಲಿಗೆ ಅಂಟಿದ್ರ ಕರಿ ಆಗತಾವ."

"ಎಲ್ಲಾ ಮೊಬೈಲ್‌ದಾಗ ನೋಡೇನಿ, ಬಿಡು. ಬಂದ ಮಂದಿ ಸಸಿ ನೋಡಬೇಕಂದ್ರ ಇವನ್ನ ಕೈಲೆ ಎತ್ತಬೇಕು. ಯಾರ ಮನಿ ಕೌದಿ ಅಂತ ಕೇಳಿದ್ರ ಏನ ಹೇಳ್ಲಿ?"

ಇಂಥ ಮಾತು ಅವಳಿಗೆ ಹೊಸದಲ್ಲ. ಪಂಪ್‌ಸೆಟ್ಟಿನ ಗೋಡೆ ಮೇಲೆ ಅವಳ ಚಹಾದ ಲೋಟ ಇವತ್ತಿಗೂ ಬೇರೆಯೇ ಇರುತ್ತದೆ, ಅದನ್ನು ನುಂಗಿಕೊಂಡಿದ್ದಳು. ಆದರೆ ಕೌದಿ ಅವ್ವ ಹೊಲಿದದ್ದು. ಹನ್ನೊಂದನ್ನೂ ಮಡಚಿ, ಗಂಟು ಕಟ್ಟಿ, ತಲೆ ಮೇಲಿಟ್ಟು ನಡೆದಳು. ಗೇಟಿನಲ್ಲಿ ಪರಪ್ಪನವರೇ ಎದುರಾದರು.

"ಎಲ್ಲಿಗೆ ಒಯ್ಯಾಕತ್ತಿ?"

"ಒಗಿಯಾಕ್ರಿ."

ಇದ್ದದ್ದನ್ನು ಹೇಳಿದ್ದರೆ ಮುದುಕರು ಮಗನನ್ನು ತಡೆಯುತ್ತಿದ್ದರು. ಹೇಳಲಿಲ್ಲ. ಆಗಲಿ, ಅವನಿಗೆ ಬುದ್ಧಿ ಬರಲಿ ಎಂಬ ಸಿಟ್ಟು. ಆ ಸಿಟ್ಟಿನಲ್ಲಿ ತನ್ನ ನಲವತ್ತೂ ಅಲ್ಲೇ ನಿಂತಿವೆ ಅನ್ನುವುದನ್ನು ಮನಸ್ಸಿನಿಂದ ಆಚೆ ತಳ್ಳಿದಳು. ರಾತ್ರಿ ಮೂರು ಕೌದಿ ಹೊದ್ದು ಬೆಚ್ಚಗೆ ಮಲಗಿದಳು. ಮರುದಿನ ಬೇಕೆಂದೇ ತಡಮಾಡಿ ಹೋದಳು.

ನಾಲತವಾಡದ ಜೀಪೂ ತಡವಾಗಿತ್ತು. ಅವರು ಬಂದಾಗ ಹೊಸ ಹಾಳೆಯ ಫೋಟೊ ಚೆಂದ ಬರಲೆಂದು ಚೇತನಕುಮಾರ ಹತ್ತು ಗಂಟೆಯವರೆಗೂ ಅದನ್ನು ತೆಗೆದಿರಲಿಲ್ಲ. ತೆಗೆದಾಗ, ರಾತ್ರಿಯ ಥಂಡಿ ನೀರು ಎಲೆಗಂಟಿ, ಅದರ ಮೇಲೆ ಬಿಸಿಲು ಬೇಯಿಸಿ, ಎಳೆ ಕುಡಿಗಳು ಕುದಿಸಿದ ಮೆಂತ್ಯೆ ಪಲ್ಯದಂತೆ ಕಪ್ಪಗೆ ಜೋತುಬಿದ್ದಿದ್ದವು.

"ಇನ್ನೊಮ್ಮಿ ಹೇಳಾಕ ನಿನಗೇನ ಧಾಡಿಯಾಗಿತ್ತು?" ಅಂದ ಹುಡುಗ.

ನಾಚಿಕೆಗೇಡಿನ ಪ್ರಶ್ನೆ. ಆದರೂ ಹುಲಿಗೆವ್ವ ಇವತ್ತಿಗೂ ಅದನ್ನೇ ತನಗೆ ತಾನೇ ಕೇಳಿಕೊಳ್ಳುತ್ತಾಳೆ. "ನನ್ನ ಸಿಟ್ಟ ಅವನ ಮ್ಯಾಲ ಇತ್ತು, ಸಸಿ ಏನ ಮಾಡಿದ್ವು?" ಅನ್ನುತ್ತಾಳೆ. ಅವಳ ನಲವತ್ತರಲ್ಲಿ ಮತ್ತೆ ಚಿಗುರಿದ್ದು ಮೂರು. ದೇವಣಗಾಂವದ ತುಂಡು ಹೊಲ ಹಾಗೇ ಬಯಲಾಗಿದೆ. ಅತ್ತ ದಾಟುವಾಗ ಮುಖ ಬೇರೆ ಕಡೆ ಮಾಡುತ್ತಾಳೆ.

ಅವಳು ಒಂದು ಸಂಜೆಯ ಮೌನಕ್ಕೆ ಇಷ್ಟು ಬೇಯುತ್ತಿದ್ದಾಳೆ. ಅವಳ ಬಾಯಿ ಮುಚ್ಚಿಸಿದವರು ಉಂಡು ಮಲಗಿದ್ದಾರೆ, ನಮ್ಮ ನಿಮ್ಮ ಮನೆಗಳಲ್ಲೇ. ನಿಮ್ಮ ತೋಟದಲ್ಲಿ ದುಡಿಯುವ ಹೆಂಗಸು ಇವತ್ತು ಏನಾದರೂ ಹೇಳಿದರೆ, ಕೈಯಲ್ಲಿನ ಮೊಬೈಲ್ ಕೆಳಗಿಟ್ಟು, ಮೊದಲ ಸಲಕ್ಕೇ ಕೇಳ್ರಿ.