ತನ್ನ ಮನೆಯ ಮೀಟರು ಓದದವನು

ನಮ್ಮ ಬೀದಿಯ ನಾಯಿಗಳು ಅಂಚೆಯವನಿಗೆ ಬೊಗಳುತ್ತಿದ್ದವು, ಹಾಲಿನವನಿಗೆ ಬೊಗಳುತ್ತಿದ್ದವು, ಅದೇ ಬೀದಿಯಲ್ಲಿ ಕೂದಲು ಬೆಳ್ಳಗಾದ ನನಗೂ ಒಮ್ಮೊಮ್ಮೆ ಬೊಗಳುತ್ತಿದ್ದವು. ಮೀಟರಣ್ಣನಿಗೆ ಮಾತ್ರ ಬಾಲ ಅಲ್ಲಾಡಿಸುತ್ತಿದ್ದವು. ಮನೆಮನೆಗೆ ಹೋಗಿ ವಿದ್ಯುತ್ ಮೀಟರು ಓದಿ ಬರೆದುಕೊಳ್ಳುವುದು ಅವನ ಕೆಲಸ. ಕಿವಿಯ ಮೇಲೆ ಪೆನ್ಸಿಲು, ಜೇಬಿನಲ್ಲಿ ಟಾರ್ಚು, ಕಂಕುಳಲ್ಲಿ ರಟ್ಟಿನ ಪುಸ್ತಕ. ಜನರ ಹೆಸರು ಅವನ ತಲೆಯಲ್ಲಿ ನಿಲ್ಲುತ್ತಿರಲಿಲ್ಲ. ಮನೆಗಳನ್ನೆಲ್ಲ ಮೀಟರಿನ ಸಂಖ್ಯೆಯಿಂದಲೇ ಕರೆಯುವನು. “ನಲವತ್ತನಾಲ್ಕು ಹದಿನೇಳರಲ್ಲಿ ಹೆಣ್ಣುಮಗು ಹುಟ್ಟಿತಂತೆ ಮೇಷ್ಟ್ರೇ” ಎಂದರೆ, ಯಾವ ಮನೆಯೆಂದು ನಾನು ಅವನ ಹೆಂಡತಿಯನ್ನು ಕೇಳಿ ತಿಳಿಯಬೇಕು.

ಅವನಿಗೆ ಎರಡು ನಿಯಮಗಳಿದ್ದವು. ಮೊದಲನೆಯದು ಅವನದೇ: ಮೀಟರು ಓದಲು ಹೋದವನು ಮನೆಯೊಳಗೆ ಕಂಡದ್ದನ್ನು ಹೊರಗೆ ಆಡಬಾರದು. ಎರಡನೆಯದು ಕಚೇರಿಯದು: ತನ್ನ ಮನೆಯ ಮೀಟರನ್ನು ತಾನೇ ಓದುವಂತಿಲ್ಲ. ಪ್ರತಿ ತಿಂಗಳೂ ಇನ್ನೊಂದು ಬಡಾವಣೆಯವನು ಬಂದು ಇವನ ಮನೆಯದನ್ನು ಓದಿ ಹೋಗುವನು. ಆಗ ಇವನು ಅಂಗಳದಲ್ಲಿ ಕೈಕಟ್ಟಿ ನಿಂತಿರುವನು.

ಊರಿನ ಅಂಚಿನಲ್ಲಿ ಒಂದು ಬಣ್ಣದ ಕಾರ್ಖಾನೆಯಿತ್ತು. ಅದರ ಹಿಂದಿನ ಗೋದಾಮಿನಲ್ಲೊಂದು ಮೀಟರು. ನಗರಸಭೆಯ ಚುನಾವಣೆಯ ತಿಂಗಳು ಅಲ್ಲಿಗೆ ಹೋದವನು ಟಾರ್ಚು ಹಾಕಿ ನೋಡಿದರೆ ಎರಡೂ ಪಕ್ಷಗಳ ಬ್ಯಾನರುಗಳು ಒಂದರ ಮೇಲೊಂದು ಅಟ್ಟಿಯಾಗಿ ಕೂತಿದ್ದವು. ಬೀದಿಯಲ್ಲಿ ಹಾವು ಮುಂಗುಸಿಯಂತೆ ಕಚ್ಚಾಡುವವರು ಇಲ್ಲಿ ಒಂದೇ ಬುಟ್ಟಿಯಲ್ಲಿ ತಣ್ಣಗೆ ಮಲಗಿದ್ದರು. ಆ ಮಾತನ್ನು ಅವನು ನಿವೃತ್ತನಾಗುವವರೆಗೆ ಯಾರಿಗೂ ಹೇಳಲಿಲ್ಲ. ನನಗೆ ಹೇಳಿದ್ದೂ ಒಂದೇ ಸಲ. ಅಷ್ಟರಲ್ಲಿ ನಗರಸಭೆಯು ಕೆರೆಯ ಪಕ್ಕದ ಮೈದಾನವನ್ನು ಕಾರ್ಖಾನೆಗೆ ಕೊಡುವ ಮಾತೆತ್ತಿತ್ತು.

“ಕಂಡದ್ದನ್ನ ಊರಿಗೆಲ್ಲ ಸಾರಿಬಿಡು” ಎಂದೆ.

“ಅದು ಹ್ಯಾಗಾಗುತ್ತೆ ಮೇಷ್ಟ್ರೇ? ಮೀಟರ್ ಓದೋಕೆ ಬಾಗಿಲು ತೆಗೆದಿದ್ರು, ಗೂಢಚಾರಿಕೆಗಲ್ಲ. ನಾನು ಹೇಳಲ್ಲ. ಅವರೇ ಹೇಳೋ ಹಾಗೆ ಮಾಡ್ತೀನಿ.”

ಸಾವಿರದಿನ್ನೂರು ಮಂದಿ ವಿಳಾಸಸಮೇತ ಸಹಿ ಹಾಕಿದ ಬೇಡಿಕೆಯನ್ನು ಊರಿನವರ ಮತಕ್ಕೆ ಹಾಕಲೇಬೇಕೆಂಬ ಹಳೆಯ ನಿಯಮವೊಂದು ನಮ್ಮಲ್ಲಿತ್ತು. ಮೀಟರಣ್ಣನ ಬೇಡಿಕೆ ಎರಡೇ ಸಾಲು. ಚುನಾವಣೆಗೆ ಯಾವ ಕಂಪನಿಯ ಹಣ ಪಡೆದಿದ್ದೇನೆಂದು ಪ್ರತಿ ಸದಸ್ಯನೂ ಬರೆದು ತಿಳಿಸತಕ್ಕದ್ದು. ಆ ಕಂಪನಿಯ ವಿಷಯ ಸಭೆಗೆ ಬಂದಾಗ ಎದ್ದು ಹೊರಗೆ ಹೋಗತಕ್ಕದ್ದು. ಹಾಳೆಗಳನ್ನು ಹಿಡಿದು ಅವನು ಹಳೆಯ ಬೀದಿಗಳಲ್ಲಿ ಹಳೆಯ ಕ್ರಮದಲ್ಲೇ ಹೊರಟ. ನಾಯಿಗಳಿಗೆ ಹಬ್ಬ.

“ಅಂದ್ರೆ ನಮ್ಮ ಸದಸ್ಯರೆಲ್ಲ ಕಳ್ಳರು ಅಂತೀಯಾ?” ಎಂದು ದರ್ಜಿ ಕೆಣಕಿದ.

“ನನ್ನ ಮನೆ ಮೀಟರನ್ನ ನನಗೆ ಓದೋಕೆ ಬಿಡ್ತಿರಲಿಲ್ಲ. ನಾನೇನು ಕಳ್ಳನಾ?”

ದರ್ಜಿ ಸೂಜಿಯನ್ನು ಕಾಲರಿಗೆ ಚುಚ್ಚಿಕೊಂಡು, “ತಾ ಇಲ್ಲಿ” ಎಂದು ಸಹಿ ಹಾಕಿದ.

ನಾಲ್ಕು ತಿಂಗಳಲ್ಲಿ ಸಾವಿರದಿನ್ನೂರ ಮೂವತ್ತು ಸಹಿಗಳಾದವು. ಅವನ್ನು ಸಲ್ಲಿಸಬೇಕಾದ ಕೊನೆಯ ದಿನ ಬೆಳಿಗ್ಗೆ ಮೀಟರಣ್ಣ, ಅವನ ಹೆಂಡತಿ, ನಾನು ಮೂವರೂ ನಗರಸಭೆಗೆ ಹೋದೆವು. ಅಧಿಕಾರಿಯು ಹಾಳೆ ತಿರುವಿದರು, ಕನ್ನಡಕ ತೆಗೆದು ಒರೆಸಿ ಮತ್ತೆ ತಿರುವಿದರು.

“ಇದೇನ್ರೀ? ವಿಳಾಸ ಇರಬೇಕಾದ ಕಡೆ ಬರೀ ಸಂಖ್ಯೆ!”

ಮೀಟರಣ್ಣನ ಮುಖ ಬಿಳಿಚಿತು. ಜನರಿಂದ ಹೆಸರು, ಸಹಿ ಹಾಕಿಸಿಕೊಂಡು ವಿಳಾಸದ ಕಾಲಮ್ಮನ್ನು ಅವನೇ ತುಂಬಿದ್ದ. ಮೂವತ್ತು ವರ್ಷದ ಕೈ. ಎಲ್ಲ ಕಡೆಯೂ ಮೀಟರಿನ ಸಂಖ್ಯೆಯನ್ನೇ ಬರೆದುಬಿಟ್ಟಿತ್ತು.

“ಅಯ್ಯೋ ನನ್ನ ಕರ್ಮವೇ! ಮದುವೆಯಾದ ಹೊಸದರಲ್ಲಿ ನನಗೆ ಬರೆದ ಕಾಗದದ ಮೇಲೂ ಹೀಗೇ ಬರೆದಿದ್ರು ಸಾರ್, ಅದು ವಾಪಸ್ ಹೋಗಿತ್ತು” ಎಂದು ಹೆಂಡತಿ ಹಣೆ ಹಣೆ ಚಚ್ಚಿಕೊಂಡಳು.

“ಸಂಜೆ ಐದರೊಳಗೆ ವಿಳಾಸ ತುಂಬಿ ಕೊಡಿ. ಇಲ್ಲದಿದ್ದರೆ ನಾನೇನೂ ಮಾಡೋ ಹಾಗಿಲ್ಲ” ಎಂದರು ಅಧಿಕಾರಿ.

“ತುಂಬ್ತೀನಿ ಸಾರ್. ಎಲ್ಲ ಬಾಯಲ್ಲೇ ಇದೆ.”

“ಸಾವಿರದಿನ್ನೂರು ಮನೆಯಾ? ಯಾರಿಗೆ ಕಥೆ ಹೇಳ್ತೀರಿ?” ಅಧಿಕಾರಿಯು ನಡುವಿನಿಂದ ಒಂದು ಹಾಳೆ ಎಳೆದು, ಹೆಸರು ಸಹಿಗಳನ್ನು ಅಳತೆಪಟ್ಟಿಯಿಂದ ಮುಚ್ಚಿ, ಒಂದು ಸಂಖ್ಯೆಯ ಮೇಲೆ ಬೆರಳಿಟ್ಟರು. “ಇದು ಯಾವ ಮನೆ, ಹೇಳಿ.”

ಮೀಟರಣ್ಣ ನೋಡಿದ. ಬಾಯಿ ತೆರೆದ, ಮುಚ್ಚಿದ. ಸುತ್ತಲಿನ ಮೇಜುಗಳ ಗುಮಾಸ್ತರು ತಲೆಯೆತ್ತಿದರು. ಒಬ್ಬ ಕಿಸಕ್ಕೆಂದ. ನಾಲ್ಕು ತಿಂಗಳ ನಡಿಗೆ ಮಣ್ಣುಪಾಲಾಯಿತೆಂದು ನಾನು ಕಣ್ಣು ತಗ್ಗಿಸಿದೆ.

“ಗೊತ್ತಿಲ್ಲ ತಾನೇ?”

“ಗೊತ್ತು ಸಾರ್. ಆದ್ರೆ ನಾಲ್ಕು ಜನರ ಮುಂದೆ ಹೇಳೋದು ಸರಿಯಲ್ಲ.” ಕಿವಿಯ ಮೇಲಿನ ಪೆನ್ಸಿಲು ತೆಗೆದು ಚೀಟಿಯೊಂದರಲ್ಲಿ ಏನೋ ಬರೆದು, ಮಡಚಿ ಕೊಟ್ಟ.

ಅಧಿಕಾರಿಯು ಚೀಟಿ ಓದಿದರು. ಮೆಲ್ಲಗೆ ಅಳತೆಪಟ್ಟಿ ಸರಿಸಿ ನೋಡಿದರು. ನಡುಗುವ ಅಕ್ಷರದ ಆ ಸಹಿ ಅವರ ತಾಯಿಯದು. ಚೀಟಿಯಲ್ಲಿದ್ದದ್ದು ಅವರದೇ ಮನೆಯ ವಿಳಾಸ; ಕೆಳಗೆ, ‘ಮೀಟರು ಮೆಟ್ಟಿಲ ಕೆಳಗೆ, ಛತ್ರಿಗಳ ಹಿಂದೆ’ ಎಂದು ಸೇರಿಸಿದ್ದ. ಇದನ್ನು ಮೀಟರಣ್ಣನಲ್ಲ, ಆ ಅಧಿಕಾರಿಗಳೇ ಬಹಳ ವರ್ಷಗಳ ಮೇಲೆ ನನಗೆ ಹೇಳಿದರು.

ಅಂದು ಅವರು ಚೀಟಿಯನ್ನು ಜೇಬಿಗಿಟ್ಟುಕೊಂಡು, “ಕಿಟಕಿ ಪಕ್ಕದ ಮೇಜು ಖಾಲಿಯಿದೆ, ಕೂತು ಬರೆಯಿರಿ. ನಗರಸಭೆಯ ಮನೆಗಳ ದಫ್ತರಕ್ಕೆ ತಾಳೆ ನೋಡಿಯೇ ತಗೊಳ್ಳೋದು” ಎಂದರಷ್ಟೆ.

ಮೀಟರಣ್ಣ ಒಂದೊಂದೇ ಸಂಖ್ಯೆ ನೋಡಿ, ಕಣ್ಣು ಮುಚ್ಚಿಕೊಂಡು ಬೀದಿಬೀದಿ ನಡೆದವನಂತೆ ಹೇಳುತ್ತ ಹೋದ. ನಾನೂ ಅವನ ಹೆಂಡತಿಯೂ ಬರೆದೆವು. ಐದಕ್ಕೆ ಹತ್ತು ನಿಮಿಷವಿರುವಾಗ ಕೊನೆಯ ಸಾಲಿನಲ್ಲಿ ತಡವರಿಸಿದ.

“ಇದು ಯಾವುದೋ ತಿಳೀತಿಲ್ಲ. ನಾನು ಓದಿದ ಮೀಟರೇ ಅಲ್ಲ.”

ಹೆಂಡತಿ ಬಗ್ಗಿ ನೋಡಿದಳು. “ನಮ್ಮನೇದು ಕಣ್ರೀ! ನಿನ್ನೆ ಸಂಜೆ ಮೀಟರ್ ನೋಡ್ಕೊಂಡು ಬಂದು ನೀವೇ ಬರೆದ್ರಲ್ಲ, ಪುಣ್ಯಾತ್ಮ!”

ಗುಮಾಸ್ತರೆಲ್ಲ ನಕ್ಕರು. ಒಂದೊಂದೇ ಹಾಳೆಯನ್ನು ತಾಳೆ ನೋಡುತ್ತ ಬಂದಿದ್ದ ಅಧಿಕಾರಿಯು ಮುದ್ರೆ ಒತ್ತಿದರು.

ಊರಿನವರ ಮತದಲ್ಲಿ ಬೇಡಿಕೆ ಗೆದ್ದಿತು, ಭಾರೀ ಅಂತರದಿಂದೇನಲ್ಲ. ಮೈದಾನದ ವಿಷಯ ಸಭೆಗೆ ಬಂದ ದಿನ ಒಳಗೆ ಕಾಲಿಡಲು ಜಾಗವಿರಲಿಲ್ಲ. ನಾನೂ ಮೀಟರಣ್ಣನೂ ಹೊರಗಿನ ಬೆಂಚಿನ ಮೇಲೆ ಕೂತಿದ್ದೆವು. ಬಾಗಿಲು ತೆರೆಯಿತು. ಎರಡೂ ಪಕ್ಷಗಳ ಒಂಬತ್ತು ಮಂದಿ ಸದಸ್ಯರು ಒಬ್ಬೊಬ್ಬರಾಗಿ ಹೊರಗೆ ಬಂದರು. ಅವರಲ್ಲಿ ಹಿರಿಯರು ಹುಬ್ಬು ಗಂಟಿಕ್ಕಿ, “ಏನಯ್ಯಾ, ಸಮಾಧಾನವಾಯ್ತಾ? ಹೀಗೆ ಹೊರಗೆ ಎಷ್ಟು ಹೊತ್ತು ನಿಂತಿರೋದು?” ಎಂದರು.

“ಒಳಗಿನವರು ಓದಿ ಮುಗಿಸೋವರೆಗೆ ಸ್ವಾಮಿ. ನನಗೆ ಅಭ್ಯಾಸ ಇದೆ” ಎಂದು ಮೀಟರಣ್ಣ ಪಕ್ಕಕ್ಕೆ ಸರಿದು, ಬೆಂಚಿನ ಧೂಳನ್ನು ಅಂಗೈಯಿಂದ ಒರೆಸಿದ. “ಬನ್ನಿ, ಕೂತ್ಕೊಳ್ಳಿ.”