ಐಲ್ಸಾಳ ಹದಿಮೂರನೇ ತಿಂಗಳು

ಮರುಭೂಮಿಯ ಕಡೆ ಕ್ಯಾರವಾನ್, ಅಂದರೆ ಗಾಡಿಯ ಹಿಂದೆ ಕಟ್ಟುವ ಚಕ್ರದ ಮನೆ, ಎಳೆದುಕೊಂಡು ಹೋಗುವುದಕ್ಕೆ ಯಾವ ತಿಂಗಳು ಒಳ್ಳೆಯದು ಎಂದು ನಮ್ಮೂರಿನಲ್ಲಿ ಯಾರನ್ನು ಕೇಳಿದರೂ ಉತ್ತರ ಹೇಳುವುದಿಲ್ಲ. ಸುಮ್ಮನೆ ಐಲ್ಸಾ ಪೆನ್‌ಬರ್ತಿಯ ಕಚೇರಿಯ ಕಡೆ ಕೈ ತೋರಿಸುತ್ತಾರೆ. ಫ್ಲಿಂಡರ್ಸ್ ಬೆಟ್ಟಗಳ ಬುಡದಲ್ಲಿ, ಟಾರು ರಸ್ತೆ ಮುಗಿದು ಕೆಂಪು ಮಣ್ಣಿನ ದಾರಿ ಶುರುವಾಗುವ ಕಡೆ ಪ್ರವಾಸಿಗರು ಕ್ಯಾರವಾನ್ ನಿಲ್ಲಿಸಿ ತಂಗುವ ಅವಳ ಪಾರ್ಕು ಇದೆ. ಅದರ ಗೇಟಿನ ಎದುರಿಗೇ ನನ್ನ ಪೆಟ್ರೋಲ್ ಬಂಕು. ಮೂವತ್ತು ವರ್ಷದಿಂದ ಅವಳ ಉಪದೇಶ ರಸ್ತೆ ದಾಟಿ ನನ್ನ ಕಿವಿಗೆ ಬೀಳುತ್ತಲೇ ಇದೆ.

"ಮೇ ತಿಂಗಳಲ್ಲಿ ಬನ್ನಿ ಯಜಮಾನ್ರೇ," ಎನ್ನುತ್ತಾಳೆ ಅಡಿಲೇಡಿನಿಂದ ಬಂದ ದಂಪತಿಗೆ. "ಹಗಲು ಹಿತವಾದ ಬಿಸಿಲು, ರಾತ್ರಿಗೆ ಎರಡು ಕಂಬಳಿ ಸಾಕು. ಅಕ್ಟೋಬರಿನಲ್ಲಿ ಮಾತ್ರ ಬರಬೇಡಿ. ಬಂದ್ರೂ ಬಾಯಿ ಬಿಟ್ಟು ಮಾತಾಡಬೇಡಿ, ಒಂದೊಂದು ಮಾತಿಗೂ ಎರಡೆರಡು ನೊಣ ನುಂಗಬೇಕಾಗುತ್ತೆ."

ಹೀಗೆ ಊರಿಗೆಲ್ಲ ಕಾಲ ನೋಡಿಕೊಟ್ಟ ಐಲ್ಸಾ ತಾನು ಮಾತ್ರ ಒಮ್ಮೆಯೂ ಹೊರಟವಳಲ್ಲ. ಅವಳ ಗಂಡ ಮರ್ವ್ ಎಷ್ಟೋ ವರ್ಷದ ಹಿಂದೆ ಒಂದು ಹಳೆಯ ಕ್ಯಾರವಾನ್ ತಂದು, ಬಿಳಿ ಬಣ್ಣ ಬಳಿದು, ಶೆಡ್ಡಿನ ಹಿಂದೆ ನಿಲ್ಲಿಸಿದ್ದ. ಅದು ಅಲ್ಲೇ ನಿಂತಿತ್ತು, ಅದರೊಳಗೆ ಕೋಳಿ ಎರಡು ಸಲ ಮರಿ ಮಾಡಿತ್ತು.

ಮರ್ವ್ ಸರ್ಕಾರದ ಗ್ರೇಡರ್ ಓಡಿಸುತ್ತಿದ್ದವನು. ಉತ್ತರದ ಮಣ್ಣಿನ ರಸ್ತೆಯ ಗುಂಡಿ, ಉಬ್ಬು, ಏರಿಳಿತ ಎಲ್ಲವನ್ನೂ ಕೆರೆದು ಸಮ ಮಾಡುವುದು ಅವನ ಕೆಲಸ. ಬ್ಲೇಡಿನ ಅಂಚಿನಿಂದ ಕಣ್ಣು ಕಿತ್ತರೆ ರಸ್ತೆ ಸೊಟ್ಟಗಾಗುತ್ತದೆ ಎಂದು ಮೂವತ್ತು ವರ್ಷವೂ ಆ ಅಂಚನ್ನೇ ನೋಡುತ್ತ ಕೂತಿದ್ದ. ನಿವೃತ್ತನಾದ ಮೇಲೆ ಅವನಿಗಿದ್ದದ್ದು ಒಂದೇ ಆಸೆ. ತಾನು ಕೆರೆದ ರಸ್ತೆಯಲ್ಲಿ ಒಂದು ಸಲ ಆರಾಮಾಗಿ ಹೋಗಬೇಕು, ಆಚೀಚೆ ಏನಿದೆ ಎಂದು ನೋಡಬೇಕು.

ಅಷ್ಟರಲ್ಲಿ ಕಣ್ಣು ಕೈಕೊಟ್ಟಿತು. ಪೋರ್ಟ್ ಅಗಸ್ಟಾದ ಕಣ್ಣಿನ ಡಾಕ್ಟರು ನೋಡಿ, ನಡುವಿನ ನೋಟ ಹೋಗುತ್ತಿದೆ, ಅಂಚಿನದು ಇನ್ನೂ ಸ್ವಲ್ಪ ಕಾಲ ಇರುತ್ತದೆ, ಗಾಡಿ ಓಡಿಸುವುದು ಇವತ್ತಿಗೇ ಸಾಕು ಎಂದರು. ಆಮೇಲೆ ಮರ್ವ್ ಯಾರನ್ನು ನೋಡಬೇಕಾದರೂ ಕೋಳಿಯ ಹಾಗೆ ಕತ್ತು ಓರೆ ಮಾಡತೊಡಗಿದ. ಲೈಸೆನ್ಸು ಹೋದದ್ದಕ್ಕೆ ಬೇಜಾರು ಮಾಡಿಕೊಂಡವನಲ್ಲ. "ನೀನು ಓಡಿಸು ಕಣೇ, ನಾನು ಪಕ್ಕದಲ್ಲಿ ಕೂತ್ಕೋತೀನಿ. ಯಾವಾಗ ಹೋಗೋಣ ಹೇಳು," ಎಂದ.

ಅಲ್ಲಿಂದ ಶುರುವಾಯಿತು ಐಲ್ಸಾಳ ಪಂಚಾಂಗ. ಮೇ ಅಂದರೆ ಪಾರ್ಕು ತುಂಬಿರುತ್ತೆ. ಜೂನ್‌ನಲ್ಲಿ ಇಲ್ಲಿ ಚಳಿಗಾಲ, ಪೈಪಿನೊಳಗೆ ನೀರು ಹೆಪ್ಪುಗಟ್ಟುತ್ತೆ. ಜುಲೈ ಶಾಲೆಗೆ ರಜೆ, ಮಕ್ಕಳ ಕಾಟ. ಆಗಸ್ಟಿನಲ್ಲಿ ಗಾಳಿ. ಸೆಪ್ಟೆಂಬರಿನಲ್ಲಿ ಹೂವು ನೋಡೋರ ಜಾತ್ರೆ. ಅಕ್ಟೋಬರಿಗೆ ನೊಣ, ನವೆಂಬರಿಗೆ ಹಾವು, ಅಲ್ಲಿಂದ ಫೆಬ್ರವರಿವರೆಗೆ ಬೆಂಕಿ. ಮಾರ್ಚಿನಲ್ಲಿ ಉಳಿದ ನೊಣ, ಏಪ್ರಿಲ್‌ನಲ್ಲಿ ಈಸ್ಟರ್ ಗದ್ದಲ.

ನನಗೆ ರೇಗಿತು. ಮರ್ವ್‌ನ ಕಣ್ಣು ದಿನದಿನಕ್ಕೆ ಮಂಜಾಗುತ್ತಿರುವಾಗ ಇವಳದೆಂಥ ಹಟ! ಒಂದು ದಿನ ಎಲ್ಲರೆದುರೇ ಕೇಳಿಬಿಟ್ಟೆ.

"ಅಲ್ಲಮ್ಮಾ, ನಿನ್ನ ಕ್ಯಾಲೆಂಡರಿನಲ್ಲಿ ಹದಿಮೂರನೇ ತಿಂಗಳು ಯಾವಾಗ ಬರುತ್ತೆ?"

"ನಿನ್ನ ಬಂಕಿನ ಶೌಚಾಲಯ ಕ್ಲೀನ್ ಆದ ಮಾರನೇ ದಿನ ಬರುತ್ತೆ, ನೋಯೆಲ್," ಎಂದಳು. ಎಲ್ಲರೂ ನಕ್ಕರು.

ಜನವರಿಯಲ್ಲಿ ನಮ್ಮೂರಿಗೆ ನಾಯಿಯೂ ಬರುವುದಿಲ್ಲ. ಪಾರ್ಕು ಖಾಲಿ. ನಲವತ್ನಾಲ್ಕು ಡಿಗ್ರಿ ಬಿಸಿಲಿನ ಮಧ್ಯಾಹ್ನ, ಊರೆಲ್ಲ ಕಿಟಕಿ ಮುಚ್ಚಿ ಮಲಗಿತ್ತು. ಎದುರಿನಿಂದ ಧಡ್ ಎಂದು ಸದ್ದು ಕೇಳಿತು. ಹೋಗಿ ನೋಡಿದರೆ ಐಲ್ಸಾ ತನ್ನ ಪಿಕಪ್ಪಿಗೆ ಬಿಳಿ ಕ್ಯಾರವಾನನ್ನು ಕಟ್ಟಿಕೊಂಡು ರಿವರ್ಸ್ ತೆಗೆಯುತ್ತಿದ್ದಾಳೆ. ಹಿಂದೆ ಒಂದು ನಲ್ಲಿಯ ಕಂಬ ಅಡ್ಡಬಿದ್ದಿದೆ. ನೀರು ಕಾರಂಜಿಯ ಹಾಗೆ ಚಿಮ್ಮುತ್ತಿದೆ.

"ನೋಡಿದ್ಯಾ?" ಎಂದಳು.

"ನೋಡಿದೆ."

"ಯಾರಿಗಾದ್ರೂ ಬಾಯಿ ಬಿಟ್ರೆ ನಿನ್ನ ಪೆಟ್ರೋಲ್ ಪಂಪಿಗೇ ತಂದು ಗುದ್ದುತೀನಿ."

"ಈಗ ಓಡಿಸ್ತಿರೋದು ನೋಡಿದ್ರೆ, ಬೇಕಂತಲೇ ಗುದ್ದೋ ಕಷ್ಟ ನಿನಗೆ ಬೇಡ. ತಾನಾಗೇ ಆಗುತ್ತೆ."

ನಗುತ್ತಾಳೆ ಅಂದುಕೊಂಡೆ. ಅವಳು ಸ್ಟೇರಿಂಗಿಗೆ ಹಣೆ ಹಚ್ಚಿ ಕೂತುಬಿಟ್ಟಳು.

ಕ್ಯಾರವಾನ್ ಎಳೆಯುವವರ ಲೋಕದಲ್ಲಿ ಒಂದು ಪದ್ಧತಿಯಿದೆ. ಗಂಡ ರಿವರ್ಸ್ ತೆಗೆಯುತ್ತಾನೆ, ಹೆಂಡತಿ ಹಿಂದೆ ನಿಂತು ಕೈ ಆಡಿಸುತ್ತಾಳೆ. ಸ್ಟೇರಿಂಗ್ ಎಡಕ್ಕೆ ತಿರುಗಿಸಿದರೆ ಹಿಂದಿನ ಗಾಡಿ ಬಲಕ್ಕೆ ಹೋಗುವುದರಿಂದ ಐದು ನಿಮಿಷದಲ್ಲಿ ಇಬ್ಬರಿಗೂ ಜಗಳ ಹತ್ತುತ್ತದೆ. ಉಳಿದವರು ಕುರ್ಚಿ ಹಾಕಿಕೊಂಡು, ಟೀ ಕುಡಿಯುತ್ತ ನೋಡುತ್ತಾರೆ. ಐಲ್ಸಾ ಇದಕ್ಕೆ ಇನ್ನೊಂದು ಸೇರಿಸಿದ್ದಳು. ಕಚೇರಿಯ ಜಗಲಿಯಲ್ಲಿ ನಿಂತು, ಬೆರಳೆತ್ತಿ ಹತ್ತಕ್ಕೆ ಎಷ್ಟು ಅಂಕ ಎಂದು ತೋರಿಸುತ್ತಿದ್ದಳು. ಏಳರ ಮೇಲೆ ಅವಳು ಯಾರಿಗೂ ಕೊಟ್ಟಿರಲಿಲ್ಲ. ಒಬ್ಬ ನಿವೃತ್ತ ಲಾರಿ ಡ್ರೈವರಿಗೆ ಎರಡು ಕೊಟ್ಟು ಅವನು ಊಟ ಬಿಡುವ ಹಾಗೆ ಮಾಡಿದ್ದಳು.

"ಹಾವು, ನೊಣ, ಚಳಿ, ಯಾವುದಕ್ಕೂ ನಾನು ಹೆದರಲ್ಲ ಕಣೋ," ಎಂದಳು ತಲೆ ಎತ್ತದೆ. "ಕುರ್ಚಿ ಹಾಕ್ಕೊಂಡು ಕೂತಿರ್ತಾರಲ್ಲ, ಅವರಿಗೆ ಹೆದರ್ತೀನಿ. ಒಬ್ಬೊಬ್ಬರನ್ನೂ ಆಡ್ಕೊಂಡಿದೀನಿ. ಯಾರೂ ಕೂತಿರದ ತಿಂಗಳು ಅಂದ್ರೆ ಇದೊಂದೇ. ಅವನ ಕಣ್ಣು ಕಾಯಲ್ಲ ನೋಯೆಲ್. ನಂಗೆ ಗೊತ್ತು. ಈ ಹಾಳಾದ್ದು ನಾನು ಎಡಕ್ಕೆ ಅಂದ್ರೆ ಬಲಕ್ಕೆ ಹೋಗುತ್ತೆ, ಏನ್ ಮಾಡ್ಲಿ?"

ನನಗೆ ನಾಚಿಕೆಯಾಯಿತು. ಹದಿಮೂರನೇ ತಿಂಗಳು ಎಂದು ಆಡಿಕೊಂಡ ನಾಲಗೆ ಇದೇ ತಾನೆ.

ಮಾರನೇ ದಿನದಿಂದ ನಾನು ಟೋಪಿ ಹಾಕಿಕೊಂಡು ಹಿಂದೆ ನಿಂತೆ. ಊಟ ಮುಗಿಸಿ ಮರ್ವ್ ಕೂಲರ್ ಹಾಕಿಕೊಂಡು ಮಲಗಿದ ಮೇಲೆ ನಮ್ಮ ಪಾಠ. ಆ ಕೂಲರಿನ ಗಲಾಟೆಯಲ್ಲಿ ಅವನಿಗೆ ಇನ್ನೇನೂ ಕೇಳಿಸದು. "ಬರ್ಲಿ, ಬರ್ಲಿ, ಸ್ವಲ್ಪ ಎಡಕ್ಕೆ, ಅಯ್ಯೋ ನಿನ್ನ ಎಡ ಅಲ್ಲ, ಗಾಡಿ ಎಡ!" ಎಂದು ಕೂಗಿ ಕೂಗಿ ನನ್ನ ಗಂಟಲು ಹರಿಯಿತು. ಆರು ವಾರದಲ್ಲಿ ಒಂದೇ ನಲ್ಲಿಯನ್ನು ನಾಲ್ಕು ಸಲ ಉರುಳಿಸಿದಳು. ಪ್ರತಿ ಸಲವೂ ಗಂಡನಿಗೆ ಹೇಳಿದ್ದು ಒಂದೇ ಮಾತು, ಕಾಂಗರೂ ಬಂದು ಗುದ್ದಿತು.

ಮರ್ವ್ ಪ್ರತಿ ಸಲವೂ ತಡವಿ ತಡವಿ ನಲ್ಲಿಯನ್ನು ಸರಿ ಮಾಡಿದ. ನಾಲ್ಕನೇ ಸಲ ನನ್ನನ್ನು ಹತ್ತಿರ ಕರೆದು, ಕತ್ತು ಓರೆ ಮಾಡಿ, ಕಂಬಕ್ಕೆ ಮೆತ್ತಿದ ಬಣ್ಣದ ಮೇಲೆ ಬೆರಳಾಡಿಸಿದ.

"ಈ ಕಾಂಗರೂಗೆ ಬಿಳಿ ಬಣ್ಣ ಬಳಿದೋರು ಯಾರು ಮಾರಾಯ?"

ಅವನು ಉತ್ತರಕ್ಕೆ ಕಾಯದೆ ಗುದ್ದಲಿ ತರಿಸಿಕೊಂಡು ಕಂಬವನ್ನು ನಾಲ್ಕಡಿ ಆಚೆ ನೆಟ್ಟ.

ಮೇ ಎರಡನೇ ವಾರ ಐಲ್ಸಾ ಹೊರಡುವ ದಿನ ಹೇಳಿದಳು. ಪಾರ್ಕು ನೋಡಿಕೊಳ್ಳಲು ನಾನಿದ್ದೆ. ಅವತ್ತು ಬೆಳಿಗ್ಗೆ ಪಾರ್ಕಿನಲ್ಲಿ ಒಂದು ಜಾಗವೂ ಖಾಲಿ ಇರಲಿಲ್ಲ. ಶೆಡ್ಡಿನ ಹಿಂದಿನಿಂದ ಗೇಟಿನವರೆಗೆ ಕ್ಯಾರವಾನನ್ನು ರಿವರ್ಸಿನಲ್ಲೇ ತರಬೇಕು, ಬೇರೆ ದಾರಿಯಿಲ್ಲ. ಸುದ್ದಿ ಹೇಗೆ ಹಬ್ಬಿತೋ, ಹಾದಿಯುದ್ದಕ್ಕೂ ಕುರ್ಚಿ ಬಿದ್ದಿದ್ದವು. ಎರಡು ಅಂಕದ ಲಾರಿ ಡ್ರೈವರು ಮುಂದಿನ ಸಾಲಿನಲ್ಲೇ ಬಿಸ್ಕತ್ತಿನ ಡಬ್ಬಿ ಹಿಡಿದು ಕೂತಿದ್ದ.

"ಹಿಂದೆ ನಾನು ನಿಲ್ತೀನಿ," ಎಂದ ಮರ್ವ್.

"ನಿನಗೆ ಏನು ಕಾಣುತ್ತೋ?"

"ಕಾಣೋದು ನಿನ್ನ ಕೆಲಸ. ಕೈ ಆಡಿಸೋದು ನಂದು. ಪದ್ಧತಿ ಅಂದ್ರೆ ಪದ್ಧತಿ."

ಅವನು ಹಿಂದೆ ನಿಂತು, ಗಾಳಿಗೆ ಸಿಕ್ಕ ಬಟ್ಟೆಯ ಹಾಗೆ ಎರಡೂ ಕೈ ಆಡಿಸಿದ. ಅವಳು ಒಂದಕ್ಕೂ ಗಮನ ಕೊಡದೆ, ತುಟಿ ಕಚ್ಚಿಕೊಂಡು, ಕನ್ನಡಿಯನ್ನೇ ನೋಡುತ್ತ ಇಂಚು ಇಂಚಾಗಿ ಬಂದಳು. ನಲ್ಲಿ ದಾಟಿತು. ಗೇಟಿನ ಎಡಗಂಬ ದಾಟಿ ಗಾಡಿ ಪೂರ್ತಿ ರಸ್ತೆಗೆ ಬಂತು. ಆಗ ಮರ್ವ್ ಎರಡೂ ಅಂಗೈ ಬಿಡಿಸಿ ಮೇಲೆತ್ತಿದ. ಐಲ್ಸಾ ಗಕ್ಕನೆ ಬ್ರೇಕ್ ಹಾಕಿ, ತಲೆ ಹೊರಹಾಕಿದಳು.

"ಯಾಕೋ ನಿಲ್ಲಿಸಿದೆ? ಏನು ಅಡ್ಡ ಇದೆ?"

"ಏನೂ ಇಲ್ಲ ಕಣೇ. ಹತ್ತಕ್ಕೆ ಹತ್ತು ಕೊಟ್ಟೆ."

ಲಾರಿ ಡ್ರೈವರು ಎದ್ದು ನಿಂತು ಗಂಭೀರವಾಗಿ ಆರು ಬೆರಳು ತೋರಿಸಿದ. ಐಲ್ಸಾ ಅವನಿಗೆ ಒಂದೇ ಬೆರಳು ತೋರಿಸಿ, ಮರ್ವ್‌ನನ್ನು ಹತ್ತಿಸಿಕೊಂಡು ಗಾಡಿ ಮುಂದಕ್ಕೆ ಬಿಟ್ಟಳು.

ಮೂರನೇ ದಿನ ಉತ್ತರದ ಯಾವುದೋ ಹೋಟೆಲಿನಿಂದ ಫೋನು ಬಂತು. ಮೊದಲು ಮರ್ವ್ ಮಾತಾಡಿದ.

"ನೋಯೆಲ್, ಈ ರಸ್ತೆ ಪಕ್ಕ ಬೆಟ್ಟ ಇದೆ ಕಣೋ! ನೇರಳೆ ಬಣ್ಣದ್ದು, ಉದ್ದಕ್ಕೆ. ಮೂವತ್ತು ವರ್ಷ ಇಲ್ಲೇ ಓಡಾಡಿದೀನಿ, ಒಬ್ಬನಾದ್ರೂ ಹೇಳಬಾರದಾ?"

"ಕಾಣ್ಸುತ್ತಾ ನಿನಗೆ?"

"ನೇರ ನೋಡಿದ್ರೆ ಇಲ್ಲ. ರಸ್ತೆ ನೋಡೋ ಹಾಗೆ ಕೂತ್ರೆ ಓರೆಯಲ್ಲಿ ಕಾಣುತ್ತೆ. ಐಲ್ಸಾ ರಸ್ತೆ ನೋಡ್ತಾಳೆ, ನಾನು ಬೆಟ್ಟ ನೋಡ್ತೀನಿ."

ಅಷ್ಟರಲ್ಲಿ ಐಲ್ಸಾ ಫೋನು ಕಸಿದುಕೊಂಡಳು.

"ಇವನದೊಂದು ಕಾಟ! ಪ್ರತಿ ಗುಡ್ಡಕ್ಕೂ ನಿಲ್ಲಿಸು ಅಂತಾನೆ. ದಿನಕ್ಕೆ ನಲವತ್ತು ಮೈಲಿ ಸಾಗಲ್ಲ. ಹೀಗಾದ್ರೆ ನಾವು ತಿರುಗಿ ಬರೋದು ಅಕ್ಟೋಬರಿಗೇ."

"ಅಕ್ಟೋಬರಾ? ನೊಣದ ಕಾಲ ಅಲ್ವೇನಮ್ಮಾ ಅದು?" ಎಂದೆ.

ಆ ಕಡೆ ಮರ್ವ್ ಯಾರಿಗೋ ಬೆಟ್ಟದ ವಿಷಯ ಹೇಳುತ್ತಿರುವುದು ದೂರದಲ್ಲಿ ಕೇಳುತ್ತಿತ್ತು.

"ನೊಣಕ್ಕೇನು," ಎಂದಳು ಐಲ್ಸಾ, "ಕೈ ಬೀಸಿದ್ರೆ ಹೋಗುತ್ತೆ."